ಲಕ್ಷ್ಮೀಪತಿಯವರ ಕಿಟಕಿಯ ಕವರ್

ಬಸವೇಶ್ವರನಗರದ ಲಕ್ಷ್ಮೀಪತಿಯವರು ಕೊಂಡ ಸಾಮಾನಿನ ಕವರ್ ತೆಗೆಯುವ ಪೈಕಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ನಡೆದ ರಾಮಾಯಣಕ್ಕೆಲ್ಲ ಇದೇ ಬಾಲಕಾಂಡ.

ಅವರ ಮನೆಯ ಟಿವಿ ರಿಮೋಟು ಇವತ್ತಿಗೂ ಅಂಗಡಿಯಿಂದ ಬಂದ ಪ್ಲಾಸ್ಟಿಕ್ಕಿನೊಳಗೇ ಇದೆ. ಒಂದು ಬಟನ್ ಒತ್ತಿದರೆ ಪಕ್ಕದ್ದೂ ಒತ್ತಿಕೊಳ್ಳುತ್ತದೆ. ಹಾಗಾಗಿ ಅವರ ಹೆಂಡತಿ ಅಂಬುಜಮ್ಮ ಧಾರಾವಾಹಿ ನೋಡೋಣವೆಂದು ಕೂತರೆ ಎಷ್ಟೋ ಸಲ ಕೃಷಿ ಮಾರುಕಟ್ಟೆಯ ವರದಿ ನೋಡಿ ಎದ್ದಿದ್ದಾರೆ. ಸೋಫಾದ ಮೇಲಿನ ಪ್ಲಾಸ್ಟಿಕ್ಕನ್ನೂ ತೆಗೆದಿಲ್ಲ. ಬೇಸಿಗೆಯಲ್ಲಿ ಬಂದ ನೆಂಟರು ಹೊರಡಲು ಎದ್ದರೆ ಸೋಫಾವೂ ಅವರ ಜೊತೆ ಸ್ವಲ್ಪ ದೂರ ಹೊರಡುತ್ತದೆ. ಇನ್ನು ಸ್ಕೂಟರಿನ ಸೀಟು. ಶೋರೂಮಿನವರು ಹೊದಿಸಿದ ಕವರ್ ಹಾಗೇ ಇರುವುದರಿಂದ ಬ್ರೇಕ್ ಹಾಕಿದಾಗಲೆಲ್ಲ ಹಿಂದೆ ಕೂತವರು ಜಾರಿ ಬಂದು ಲಕ್ಷ್ಮೀಪತಿಯವರ ಬೆನ್ನಿಗೆ ಅಂಟಿಕೊಳ್ಳುತ್ತಾರೆ. ದಾಂಪತ್ಯದಲ್ಲಿ ಇದರಿಂದ ಅಂಥ ನಷ್ಟವೇನೂ ಆಗಿಲ್ಲವೆನ್ನಿ.

"ಕವರ್ ಇರೋವರೆಗೂ ವಸ್ತು ಹೊಸದು" ಎನ್ನುವುದು ಅವರ ಸಿದ್ಧಾಂತ. ಸಿದ್ಧಾಂತ ಸುಮ್ಮನೆ ಹುಟ್ಟಿದ್ದಲ್ಲ. ನಿವೃತ್ತಿಯ ತನಕ ಅವರು ವಿಮಾ ಕಚೇರಿಯೊಂದರ ಕ್ಲೇಮು ವಿಭಾಗದಲ್ಲಿ ಕೂತವರು. ಜನ ಸಂಭ್ರಮದಿಂದ ಏನೇನೋ ಬಿಚ್ಚಿ, ತಿರುವಿ, ಕೆಡಿಸಿಕೊಂಡು ಅಳುತ್ತಾ ಬಂದದ್ದನ್ನು ಕಣ್ಣಾರೆ ಕಂಡವರು. ಅಲ್ಲಿ ಅವರಿಗೆ ದಕ್ಕಿದ ವೇದಾಂತ ಎರಡೇ ಮಾತು: ಮನುಷ್ಯ ಕೈ ಹಾಕಿದರೆ ಕ್ಲೇಮು ಹೋಯಿತು, ದೇವರು ಕೈ ಹಾಕಿದರೆ ಯಾರನ್ನೂ ಕೇಳುವ ಹಾಗಿಲ್ಲ.

ಇಂಥ ಲಕ್ಷ್ಮೀಪತಿಯವರದೊಂದು ಫಾರ್ಮ್ ಹೌಸ್ ಇತ್ತು. ಪಾರ್ಕಿನಲ್ಲಿ ಬೆಳಗ್ಗೆ ವಾಕ್ ಮಾಡುವವರ ಮುಂದೆ ಮಾತ್ರ ಅದು ಫಾರ್ಮ್ ಹೌಸ್. ಈಚೆಗೆ ಯಾರೋ ಮೊಬೈಲಿನಲ್ಲಿ ಚಿತ್ರ ತೋರಿಸಿದ ಮೇಲೆ ಅದಕ್ಕೆ "ಕ್ಯಾಬಿನ್" ಎಂದು ಬಡ್ತಿ ಸಿಕ್ಕಿತ್ತು. ನಿಜ ಹೇಳಬೇಕೆಂದರೆ ಅದು ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ, ಡಾಂಬರು ಮುಗಿದು, ಮಣ್ಣು ರಸ್ತೆಯೂ ಮುಗಿದು, "ಇನ್ನು ಮುಂದೆ ನಿಮ್ಮಿಷ್ಟ" ಎಂದು ದಾರಿಯೇ ಕೈ ಚೆಲ್ಲುವ ಕಡೆ ಇದ್ದ ಒಂದು ಕೋಣೆ. ಮೇಲೆ ಶೀಟು, ಮುಂದೆ ಒಂದು ಕಟ್ಟೆ, ಎರಡು ಕಿಟಕಿ. ಒಂದು ಕಿಟಕಿ ಬೆಟ್ಟದ ಕಡೆಗೆ, ಇನ್ನೊಂದು ಕೆರೆಯ ಕಡೆಗೆ.

ಆ ಬೆಟ್ಟದ ಕಿಟಕಿ ಅಂಬುಜಮ್ಮನದು. ಬಸವೇಶ್ವರನಗರದ ಮನೆಯ ಅಡುಗೆಮನೆಗೂ ಒಂದು ಕಿಟಕಿ ಇದೆ. ಅದನ್ನು ತೆಗೆದರೆ ಪಕ್ಕದ ಮನೆ ರಾಗಿಣಿಯವರ ಗೋಡೆ, ಗೋಡೆಯಲ್ಲೊಂದು ಎಕ್ಸಾಸ್ಟ್ ಫ್ಯಾನು. ರಾಗಿಣಿಯವರ ಮನೆಯಲ್ಲಿ ಇವತ್ತು ಹುಳಿಯೋ ಗೊಜ್ಜೋ ಎನ್ನುವುದು ಅವರ ಗಂಡನಿಗಿಂತ ಮೊದಲು ಅಂಬುಜಮ್ಮನಿಗೆ ಗೊತ್ತಾಗುತ್ತದೆ.

"ಮದುವೆಯಾಗಿ ಬಂದಾಗಿಂದ ಗೋಡೆ ನೋಡ್ಕೊಂಡೇ ಒಗ್ಗರಣೆ ಹಾಕಿದೀನಿ ಕಣ್ರೀ" ಎಂದಿದ್ದರು ಅಂಬುಜಮ್ಮ. "ನಂಗೆ ಒಡವೆ ಬೇಡ, ಕಾಶಿಯಾತ್ರೆ ಬೇಡ. ಒಂದು ಕಿಟಕಿ ಬೇಕು. ಅದರ ಮುಂದೆ ಕಾಫಿ ಲೋಟ ಹಿಡ್ಕೊಂಡು ಕೂತ್ರೆ ಬೆಟ್ಟ ಕಾಣ್ಬೇಕು. ಅಷ್ಟೇ."

ಅಷ್ಟೇ ಎಂದರೆ ಅಷ್ಟು ಸುಲಭವೇ? ಮೊದಲ ಸಲ ಹಾಕಿಸಿದ ಗಾಜಿನಲ್ಲಿ ಒಂದು ಗಡವ ಕೋತಿ ತನ್ನ ಮುಖವನ್ನೇ ನೋಡಿ, ಯಾವನೋ ಪರಸ್ಥಳದವನು ಒಳಗೆ ಸೇರಿಕೊಂಡಿದ್ದಾನೆಂದು ತಿಳಿದು, ಕಲ್ಲು ತಂದು ಬಾರಿಸಿತು. ಎರಡನೇ ಸಲದ ಗಾಜು ಅಲ್ಲಿಯವರೆಗೂ ಹೋಗಲೇ ಇಲ್ಲ. ಸ್ಕೂಟರಿನ ಹಿಂದೆ ಅದನ್ನು ತಬ್ಬಿಕೊಂಡು ಕೂತಿದ್ದ ಅಂಬುಜಮ್ಮ ಒಂದು ಹಂಪಿನಲ್ಲಿ ಜಾರಿದರು. ಜಾರಲು ಕಾರಣ ಯಾವ ಕವರ್ ಎಂದು ನಾನು ಹೇಳಬೇಕಾಗಿಲ್ಲ. ಪುಣ್ಯಕ್ಕೆ ಅವರಿಗೇನೂ ಆಗಲಿಲ್ಲ, ಗಾಜು ಮಾತ್ರ ರಸ್ತೆಪಾಲಾಯಿತು.

ಅವತ್ತು ಮನೆಗೆ ಬಂದು ಅವರು ಒಂದೇ ಮಾತು ಹೇಳಿದರು. "ಇನ್ನೊಂದೇ ಸಲ ನೋಡ್ತೀನಿ. ಈ ಸಲಾನೂ ಕಿಟಕಿ ಕೈ ಕೊಟ್ರೆ ಸೈಟು ಮಾರಿಬಿಡೋಣ. ಮುರಳಿ ಪಾರ್ಟಿ ನೋಡಿದಾನಂತೆ."

ಸೈಟು ಅಂಬುಜಮ್ಮನ ಹೆಸರಿನಲ್ಲಿತ್ತು. ಮುರಳಿ ಅಂದರೆ ಅವರ ತಮ್ಮ ಮುರಳೀಕೃಷ್ಣ. ರಾಜಾಜಿನಗರದಲ್ಲಿ ಮನೆ, ಕೈಯಲ್ಲಿ ಎರಡು ಫೋನು, ಭಾವ ಮಾಡಿದ್ದೆಲ್ಲ ತಪ್ಪು ಎನ್ನುವ ಅಚಲ ನಂಬಿಕೆ. ಲಕ್ಷ್ಮೀಪತಿಯವರು ಹೆಂಡತಿಗೆ ಆವರೆಗೆ ಕೊಡಿಸಿದ ಏಕೈಕ ಕವರಿಲ್ಲದ ವಸ್ತು ಆ ಬೆಟ್ಟ. ಅದೂ ಕೈತಪ್ಪಿ ಹೋದರೆ ಮುಖವೆಲ್ಲಿ ತೋರಿಸುವುದು?

ಹೀಗಾಗಿ ಒಡೆಯದ ಕಿಟಕಿ ಹುಡುಕಿಕೊಂಡು ಅವರು ಕುರುಬರಹಳ್ಳಿಯ ಪ್ಲಾಸ್ಟಿಕ್ ಶೀಟಿನ ಅಂಗಡಿಗೆ ಹೋದರು. ಅಂಗಡಿಯ ರೇವಣಸಿದ್ದಯ್ಯ ಬಾಗಲಕೋಟೆ ಕಡೆಯವರು. ಮಾರುವುದಕ್ಕಿಂತ ಮಾತಾಡುವುದರಲ್ಲಿ ಅವರಿಗೆ ಹೆಚ್ಚು ಲಾಭ.

"ಬರ್ರಿ ಸಾಹೇಬ್ರ, ಕುಂದರ್ರಿ. ಏನ್ ಬೇಕಾಗಿತ್ರಿ?"

"ಕಿಟಕಿಗೆ ಹಾಕೋಕೆ ಗಾಜಿನ ಥರದ್ದು ಪ್ಲಾಸ್ಟಿಕ್ ಬೇಕು. ಕೋತಿ ಒಡೀಬಾರದು."

"ಎಂಥಾ ಕೋತಿ ಅದಾವ್ರಿ ಅಲ್ಲಿ?"

"ಎಂಥಾದ್ದು ಅಂದ್ರೆ? ಕೋತಿ ಕೋತಿ ಥರಾನೇ ಇದೆ."

"ಹಂಗಲ್ರಿ. ಗುಡಿ ಮಂಗ್ಯಾನೋ, ಗುಡ್ಡದ ಮಂಗ್ಯಾನೋ? ಗುಡಿ ಮಂಗ್ಯಾ ಆದ್ರ ಅಕ್ರಿಲಿಕ್ ಸಾಕ್ರಿ. ಪ್ರಸಾದ ತಿಂದ್ ತಿಂದ್ ಮೆತ್ತಗಾಗಿರ್ತಾವ. ಗುಡ್ಡದ್ದು ಹಂಗಿಲ್ರಿ, ದುಡದ್ ತಿನ್ನೂವು. ಅದಕ್ಕ ಪಾಲಿಕಾರ್ಬೊನೇಟೇ ಬೇಕು."

ಲಕ್ಷ್ಮೀಪತಿಯವರು ಗಹನವಾಗಿ ಯೋಚಿಸಿದರು. ಅವರ ಕೋತಿ ಬೆಟ್ಟದ್ದೇ. ಆದರೆ ಭಾನುವಾರ ಬೆಟ್ಟದ ಬುಡದ ಗುಡಿಗೂ ಹೋಗುತ್ತಿತ್ತು. "ಎರಡೂ ಕಡೆಯದು" ಎಂದರು.

"ಅಯ್ಯಯ್ಯೋ! ಹಂಗಿದ್ರ ಎರಡನೇ ಮಾತೇ ಇಲ್ರಿ. ಪಾಲಿಕಾರ್ಬೊನೇಟ್." ರೇವಣಸಿದ್ದಯ್ಯ ಎರಡು ತುಂಡು ತಂದು ಮುಂದಿಟ್ಟರು. "ಇದು ಅಕ್ರಿಲಿಕ್. ನೋಡಾಕ ಫಳಫಳ, ಪೆಟ್ಟು ಬಿದ್ರ ಸೀಳತೈತಿ. ಇದು ಪಾಲಿಕಾರ್ಬೊನೇಟ್. ಗೀರು ಲಗೂನ ಬೀಳ್ತಾವ, ಅದು ಖರೆ. ಆದ್ರ ಒಡಿಯಂಗಿಲ್ಲ. ಹಿಡೀರಿ ಸುತ್ತಿಗಿ, ಹೊಡೀರಿ ನೋಡೂಣು."

ಲಕ್ಷ್ಮೀಪತಿಯವರು ಕಣ್ಣು ಮುಚ್ಚಿ, ಕುಲದೇವರನ್ನು ನೆನೆದು, ಪಾಲಿಕಾರ್ಬೊನೇಟಿಗೆ ಒಂದೇಟು ಬಿಗಿದರು. ಶೀಟು ಜಗ್ಗಲಿಲ್ಲ. ಸುತ್ತಿಗೆ ಪುಟಿದು, ಕೈ ಜಾರಿ, ಪಕ್ಕದಲ್ಲಿದ್ದ ಅಕ್ರಿಲಿಕ್ ಮೇಲೆ ಬಿದ್ದು ಅದನ್ನು ಉದ್ದಕ್ಕೂ ಸೀಳಿತು. ಒಂದೇ ಏಟಿಗೆ ಎರಡು ಪರೀಕ್ಷೆ ಮುಗಿದವು.

"ಭಾಳ ಚಲೋ ಪರೀಕ್ಷಾ ಮಾಡಿದ್ರಿ" ಎಂದರು ರೇವಣಸಿದ್ದಯ್ಯ, ಸೀಳಿದ ಅಕ್ರಿಲಿಕ್ ಕಡೆ ನೋಡಿ ನಿಟ್ಟುಸಿರು ಬಿಟ್ಟು. ಆಮೇಲೆ ಎರಡೂ ಕಿಟಕಿಯ ಅಳತೆಗೆ ಶೀಟು ಕತ್ತರಿಸಿಕೊಟ್ಟು ಹೇಳತೊಡಗಿದರು: "ಲಕ್ಷ್ಯಗೊಟ್ಟು ಕೇಳ್ರಿ. ಇದರ ಮ್ಯಾಲೆ ಎರಡೂ ಬಾಜು ಕವರ್ ಅಂಟಿಸ್ಯಾರ. ಬೆಳ್ಳಗ ಐತಲ್ಲ, ಅಕ್ಷರ ಇರೂದು, ಅದು ಹೊರಗ ಬರಬೇಕು. ಬಿಸಿಲು ತಡಿಯೂ ಬಾಜು ಅದು. ಎರಡನೇದು, ಕವರ್ ಮಾತ್ರ ಕೀಳಬ್ಯಾಡ್ರಿ. ವಾರಂಟಿ ಐತಿ..."

ಆಗಲೇ ಲಕ್ಷ್ಮೀಪತಿಯವರ ಫೋನು ಹೊಡೆದುಕೊಂಡಿತು. ಅತ್ತ ಕಡೆ ಮುರಳೀಕೃಷ್ಣ.

"ಭಾವ, ಭಾನುವಾರ ಕಿಟಕಿ ಪೂಜೆ ಅಂತೆ? ನಾನೂ ಬರ್ತಾ ಇದೀನಿ. ಪಾರ್ಟೀನೂ ಕರ್ಕೊಂಡು ಬರ್ತೀನಿ, ಹೆಂಗೂ ಸೈಟ್ ನೋಡಿದಂಗಾಗುತ್ತೆ."

ಸಿಗ್ನಲ್ ಸರಿಯಿಲ್ಲವೆಂದು ಲಕ್ಷ್ಮೀಪತಿಯವರು ರಸ್ತೆಗೆ ಹೋದರು. ಅಂಗಡಿಯೊಳಗೆ ರೇವಣಸಿದ್ದಯ್ಯ ಶೀಟನ್ನು ಗೋಣಿತಾಟಿನಲ್ಲಿ ಸುತ್ತುತ್ತಾ, ಗಿರಾಕಿ ಎದ್ದು ಹೋದದ್ದನ್ನು ಗಮನಿಸದೆ, ಖಾಲಿ ಕುರ್ಚಿಗೆ ಮಿಕ್ಕದ್ದನ್ನು ಹೇಳಿ ಮುಗಿಸಿದರು: "...ಕಿಟಕಿಗೆ ಕೂರಿಸೂ ಮಟಾ ಅಷ್ಟೇ ಮತ್ತ. ಕೂರಿಸಿದ ಮ್ಯಾಲೆ ಎರಡೂ ಬಾಜು ಕಿತ್ತು ಒಗೀರಿ. ಇಲ್ಲಂದ್ರ ಏನೂ ಕಾಣಂಗಿಲ್ಲ." ಕುರ್ಚಿ ಕೇಳಿಸಿಕೊಂಡಿತು.

ಲಕ್ಷ್ಮೀಪತಿಯವರು ಒಳಗೆ ಬಂದಾಗ ಅವರ ಕಿವಿಯಲ್ಲಿ ಉಳಿದದ್ದು "ಕವರ್ ಮಾತ್ರ ಕೀಳಬ್ಯಾಡ್ರಿ, ವಾರಂಟಿ ಐತಿ" ಎನ್ನುವುದೊಂದೇ. ಹುಟ್ಟಿದಾಗಿನಿಂದ ಅವರ ಕಿವಿಗೆ ಇದಕ್ಕಿಂತ ಇಂಪಾದ ಮಾತು ಬಿದ್ದಿರಲಿಲ್ಲ. ಹೆಂಡತಿಯಿಂದ ಹಿಡಿದು ಬಾಡಿಗೆಯವರ ತನಕ ಎಲ್ಲರೂ ಹಂಗಿಸುತ್ತಿದ್ದ ತಮ್ಮ ಸಿದ್ಧಾಂತವನ್ನು ಒಬ್ಬ ಅಂಗಡಿಯವನು ತಾನಾಗಿ ಒಪ್ಪಿಕೊಂಡಿದ್ದ. ಅವರು ರೇವಣಸಿದ್ದಯ್ಯನ ಕೈ ಹಿಡಿದು ಕುಲುಕಿ ಹೊರಟರು.

ಗೂಡ್ಸ್ ಆಟೋದಿಂದ ಶೀಟು ಇಳಿಸಿ ಮನೆಯ ಕಾಂಪೌಂಡಿಗೆ ಒರಗಿಸಿದ್ದೇ ತಡ, ರಸ್ತೆ ಸೇರಿತು. ಮೊದಲು ಬಂದವರು ನಿವಾಸಿಗಳ ಸಂಘದ ಅಧ್ಯಕ್ಷ ಮುನಿಯಪ್ಪನವರು. ಅವರ ಒಪ್ಪಿಗೆಯಿಲ್ಲದೆ ಆ ರಸ್ತೆಯಲ್ಲಿ ಎಲೆಯೂ ಉದುರುವುದಿಲ್ಲ. ಉದುರಿದರೆ ಗುಡಿಸಿದವರು ಯಾರೆಂದು ಅವರು ವಿಚಾರಿಸುತ್ತಾರೆ.

"ಏನ್ ಸ್ವಾಮೀ ಇದು, ಬೋರ್ಡು? ಕ್ಲಿನಿಕ್ ಗಿನಿಕ್ ತೆಗೀತೀರೇನು?"

"ಕ್ಯಾಬಿನ್ನಿಗೆ ಕಿಟಕಿ ಮುನಿಯಪ್ಪನವರೇ. ಸುತ್ತಿಗೇಲಿ ಹೊಡೆದ್ರೂ ಒಡಿಯಲ್ಲ."

"ಹೊಡೆದು ನೋಡದೆ ಒಪ್ಪೋಕಾಗಲ್ಲ" ಎಂದರು ಮುನಿಯಪ್ಪನವರು. ಅವರ ಕೈಚೀಲದಲ್ಲಿ ದೇವಸ್ಥಾನಕ್ಕೆಂದು ಕೊಂಡ ತೆಂಗಿನಕಾಯಿ ಇತ್ತು. ಅದನ್ನೆತ್ತಿ ಈಡುಗಾಯಿ ಹೊಡೆಯುವ ಭಂಗಿಯಲ್ಲಿ ನಿಂತು ಬೀಸಿದರು. ಢಂಯ್ ಎಂದಿತು. ಶೀಟು ಇದ್ದ ಹಾಗೇ ಇತ್ತು, ಕಾಯಿ ಎರಡು ಹೋಳಾಗಿ ಚರಂಡಿಯ ಕಡೆ ಉರುಳಿತು. ಹೂ ಮಾರುವ ರಾಮಕ್ಕ ಬುಟ್ಟಿ ಇಳಿಸಿ, ಓಡಿಬಂದು ಶೀಟಿಗೆ ಕೈ ಮುಗಿದು, "ಯಾವ ದೇವ್ರು ಸ್ವಾಮಿ ಇದು, ಹೊಸದಾ?" ಎಂದಳು.

ಆಮೇಲೆ ರಸ್ತೆಗೆ ಹುರುಪು ಬಂತು. ಕ್ರಿಕೆಟ್ ಚೆಂಡು ಬಂತು, ಕುಟ್ಟಾಣಿ ಬಂತು. ಪಕ್ಕದ ಮನೆಯ ರಾಗಿಣಿಯವರು ಲಟ್ಟಣಿಗೆ ತಂದು, ಮನೆಯಲ್ಲಿ ಯಾರ ಮೇಲಿದ್ದ ಸಿಟ್ಟೋ ಏನೋ, ಕಣ್ಣು ಕೆಂಪಗೆ ಮಾಡಿಕೊಂಡು ಬಾರಿಸಿದರು. ಲಟ್ಟಣಿಗೆ ಮುರಿಯಿತು.

"ನೀವು ಹೊಸ ಲಟ್ಟಣಿಗೆ ಕೊಡಿಸ್ಬೇಕು" ಎಂದರು ರಾಗಿಣಿ.

"ಅಗತ್ಯವಾಗಿ. ಇದೇ ಪ್ಲಾಸ್ಟಿಕ್ಕಲ್ಲೇ ಮಾಡಿಸಿಕೊಡ್ತೀನಿ" ಎಂದರು ಲಕ್ಷ್ಮೀಪತಿ. ಅಷ್ಟು ಖುಷಿಯಲ್ಲಿದ್ದರು.

ಮಹಡಿಯಲ್ಲಿ ಬಾಡಿಗೆಗಿದ್ದ ಶ್ರೀಶ ಆಗಷ್ಟೇ ಜ್ಞಾನಭಾರತಿಯಿಂದ ಬೈಕಿನಲ್ಲಿ ಬಂದವನು ಗುಂಪಿನಲ್ಲಿ ತೂರಿಕೊಂಡು ನೋಡಿದ. ಅಲ್ಲಿ ಯಾವುದೋ ಸಂಶೋಧನೆ ಮಾಡುತ್ತಿದ್ದ ಹುಡುಗ.

"ಅಂಕಲ್, ಇದರ ಮೇಲೆ ಫಿಲ್ಮ್ ಇದೆ ಅಲ್ವಾ? ಇದನ್ನ ಕಿತ್ತರೇನೇ..." ಎನ್ನುತ್ತಾ ಮೂಲೆಗೆ ಉಗುರು ಹಾಕಿದ.

"ಮುಟ್ಟಬೇಡ!" ಎಂದು ಲಕ್ಷ್ಮೀಪತಿಯವರು ಕಿರುಚಿದ್ದಕ್ಕೆ ಕರೆಂಟು ಕಂಬದ ಮೇಲಿದ್ದ ಕಾಗೆ ಹಾರಿತು. "ವಾರಂಟಿ ಇರೋದೇ ಅದರಲ್ಲಿ! ಅಂಗಡಿಯವರೇ ಹೇಳಿದಾರೆ, ಕವರ್ ಕೀಳಬೇಡಿ ಅಂತ."

"ಆದ್ರೆ ಅಂಕಲ್, ಕವರ್ ಅಂದ್ಮೇಲೆ..."

"ತಮ್ಮಾ," ಮುನಿಯಪ್ಪನವರು ಮುಂದೆ ಬಂದರು, "ನಮ್ಮನೆ ಫ್ರಿಜ್ಜಿಗೆ ಬಂದಾಗ ಇದ್ದ ಕವರ್ ಇವತ್ತಿಗೂ ಇದೆ. ಒಂದು ದಿನ ರಿಪೇರಿಗೆ ಹೋಗಿಲ್ಲ. ನಮ್ಮ ಷಡ್ಡಕ ಕಿತ್ತ. ಒಂದೇ ವರ್ಷಕ್ಕೆ ಗ್ಯಾಸು ಹೋಯ್ತು."

"ನಮ್ಮ ವಾಷಿಂಗ್ ಮಷೀನೂ ಹಂಗೇ" ಎಂದರು ರಾಗಿಣಿ.

"ನನ್ನ ಮೊಮ್ಮಗಳ ಫೋನಿಗೂ ಅಂಗಡಿ ಪ್ಲಾಸ್ಟಿಕ್ಕೇ ಇರೋದು ಕಣಪ್ಪಾ" ಎಂದಳು ರಾಮಕ್ಕ. "ನಮ್ಮ ಅಳಿಯ ಕಿತ್ತಾಕ್ದ. ಅವನ ಫೋನು ಬಾವೀಗೆ ಬಿತ್ತು."

ಇಂಥ ಪುರಾವೆಯ ಮುಂದೆ ಪಾಪ ಸಂಶೋಧನೆ ಏನು ಮಾಡೀತು? ಶ್ರೀಶ ಕೈ ಹಿಂದೆ ತೆಗೆದ. ಅವನ ಬೈಕಿನ ಟ್ಯಾಂಕಿನ ಮೇಲೂ ಕವರ್ ಇತ್ತು, ಅದು ನೆನಪಾಗಿ ಅವನಿಗೆ ತನ್ನ ಮೇಲೇ ಅನುಮಾನ ಬಂತು.

ಗೇಟಿನ ಬಳಿ ನಿಂತಿದ್ದ ಅಂಬುಜಮ್ಮ ಮಾತ್ರ ಮೆಲ್ಲಗೆ ಕೇಳಿದರು. "ಎಲ್ಲಾ ಸರಿ ಕಣ್ರೀ. ಇದರಲ್ಲಿ ಆಚೆ ಕಡೆ ಏನೂ ಕಾಣಲ್ವಲ್ಲಾ?"

"ಕೂರಿಸಿದ ಮೇಲೆ ಕಾಣುತ್ತೆ ಕಣೇ" ಎಂದರು ಲಕ್ಷ್ಮೀಪತಿ. "ಬೆಳಕು ಆ ಕಡೆಯಿಂದ ಬರಬೇಕು." ಸುಳ್ಳು ಹೇಳುವ ಜಾಯಮಾನ ಅವರದಲ್ಲ. ಅವರು ಅದನ್ನು ನಂಬಿಯೇ ಹೇಳಿದರು, ಅದೇ ತೊಂದರೆ.

ಶನಿವಾರ ಅವರೊಬ್ಬರೇ ಹೋಗಿ ಎರಡೂ ಕಿಟಕಿಗೆ ಶೀಟು ಕೂರಿಸಿದರು. ಕೈಗೆ, ಕನ್ನಡಕಕ್ಕೆ, ಒಂದು ಕಿವಿಗೆ ಅಂಟು ಮೆತ್ತಿತು. ಒಳಗೆ ಕೂತು ನೋಡಿದರೆ ಎಲ್ಲ ಬೆಳ್ಳಗೆ, ಹಾಲು ಹೊಯ್ದ ಹಾಗೆ. ಸಂಜೆಯಾಗುತ್ತಿದೆ, ಮೋಡ ಬೇರೆ ಇದೆ, ಬೆಳಗ್ಗೆ ಸರಿಹೋಗುತ್ತದೆ ಎಂದುಕೊಂಡು ಸ್ಕೂಟರ್ ಹತ್ತಿದರು. ಸುಮನಹಳ್ಳಿಯಲ್ಲಿ ಗಾಡಿ ನಿಲ್ಲಿಸಿ ಒಂದು ಸೋಡಾ ಕುಡಿದರು.

ಭಾನುವಾರ ಬೆಳಗ್ಗೆ ಬಿಸಿಲು ಚೆನ್ನಾಗಿತ್ತು. ಹಾಲುಕ್ಕಿಸಿದ್ದಾಯಿತು. ಎರಡು ಕಿಟಕಿಗೂ ಅರಿಶಿನ ಕುಂಕುಮ ಇಟ್ಟದ್ದಾಯಿತು. ಬೆಟ್ಟದ ಕಡೆಯ ಕಿಟಕಿಯ ಹೊರಗೆ, ಅದರ ಕೆಳಗಿನ ಚಪ್ಪಡಿಯ ಮೇಲೆ, ಕಿಟಕಿಗೆ ನೈವೇದ್ಯವೆಂದು ಬಾಳೆಹಣ್ಣಿನ ತಟ್ಟೆಯೂ ಇಟ್ಟದ್ದಾಯಿತು. ಮುನಿಯಪ್ಪನವರು ಸಂಘದ ಪರವಾಗಿ ಬಂದಿದ್ದರು, ಶ್ರೀಶ ಅವರನ್ನು ಬೈಕಿನಲ್ಲಿ ಕರೆತಂದಿದ್ದ. ಅಷ್ಟರಲ್ಲಿ ಕಾರು ಬಂತು. ಮುರಳೀಕೃಷ್ಣ ಇಳಿದ, ಅವನ ಹಿಂದೆ ಬಿಳೀ ಶೂ ಹಾಕಿಕೊಂಡ ಪಾರ್ಟಿ, ಸಿದ್ಧಾರ್ಥ ಎಂದು ಹೆಸರು. ಅವನು ಇಳಿದವನೇ ನೆಲವನ್ನು ಹೆಜ್ಜೆಯಲ್ಲಿ ಅಳೆಯತೊಡಗಿದ.

ಮುರಳೀಕೃಷ್ಣ ಒಳಗೆ ಬಂದು ಕಿಟಕಿ ನೋಡಿದ. ಮತ್ತೊಮ್ಮೆ ನೋಡಿದ.

"ಭಾವ, ಇದು ಕಿಟಕೀನಾ ಬಚ್ಚಲುಮನೆ ಬಾಗಿಲಾ?"

"ಪ್ರೈವೆಸಿ" ಎಂದರು ಮುನಿಯಪ್ಪನವರು, ಅಧ್ಯಕ್ಷರ ಗತ್ತಿನಲ್ಲಿ.

"ಯಾರಿಂದ ಪ್ರೈವೆಸಿ ಸಾರ್? ಇಲ್ಲಿ ಕೂಗಿದ್ರೂ ಓ ಅನ್ನೋಕೆ ಜನ ಇಲ್ಲ!"

"ಕೋತಿಗಳಿಂದ."

ಅಂಬುಜಮ್ಮ ಈ ಮಾತೇನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವರು ಹೊಸ ಸೀರೆ ಉಟ್ಟಿದ್ದರು. ಉಕ್ಕಿಸಿದ ಹಾಲಿನಲ್ಲೇ ಕಾಫಿ ಬೆರೆಸಿ, ಲೋಟ ಹಿಡಿದು, ಬೆಟ್ಟದ ಕಿಟಕಿಯ ಮುಂದೆ ಹಾಕಿದ್ದ ಕುರ್ಚಿಯಲ್ಲಿ ಕೂತರು. ಕೂತು ನೋಡಿದರು. ಎದುರಿಗೆ ಬೆಳ್ಳಗೆ ಒಂದು ಗೋಡೆ. ರಾಗಿಣಿಯವರ ಗೋಡೆಯಾದರೂ ಕಾವಿ ಬಣ್ಣದ್ದು. ಇದಕ್ಕೆ ಬಣ್ಣವೂ ಇರಲಿಲ್ಲ.

"ರೀ, ಬೆಟ್ಟ ಎಲ್ಲಿ?"

"ಅಲ್ಲೇ ಇದೆ ಕಣೇ. ಇದರ ಹಿಂದೇನೇ."

"ಕಾಣ್ತಿಲ್ವಲ್ಲ."

"ಕಾಣ್ಬೇಕು ಅಂದ್ರೆ..." ಲಕ್ಷ್ಮೀಪತಿಯವರು ಗಂಟಲು ಸರಿಮಾಡಿಕೊಂಡರು. "ಸ್ವಲ್ಪ ಹೊರಗೆ ಹೋಗಿ ನೋಡಿದ್ರೆ ಆಯ್ತು."

ಮುರಳೀಕೃಷ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂಬುಜಮ್ಮ ನಗಲಿಲ್ಲ, ಬಯ್ಯಲೂ ಇಲ್ಲ. ಬೈದಿದ್ದರೆ ಲಕ್ಷ್ಮೀಪತಿಯವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಂಬುಜಮ್ಮ ಕಾಫಿಯನ್ನು ತುಟಿಗೂ ತಾಗಿಸದೆ ಲೋಟ ಕೆಳಗಿಟ್ಟರು.

"ಹೊರಗೆ ಹೋಗಿ ನೋಡೋ ಹಾಗಿದ್ರೆ ಕಿಟಕಿ ಯಾಕ್ರೀ ಬೇಕು?" ಎಂದರು. "ಹೋಗ್ಲಿ ಬಿಡಿ. ನನ್ನ ಹಣೇಲಿ ಗೋಡೇನೇ ಬರೆದಿರೋದು. ಮುರಳಿ, ಅವರಿಗೆ ಹೂಂ ಅಂದ್ಬಿಡಪ್ಪ."

ಲಕ್ಷ್ಮೀಪತಿಯವರು ಮುಂದೆ ಬಂದರು. ಏನಾದರೂ ಹೇಳಬೇಕೆಂದು ಬಾಯಿ ತೆರೆದರು. ಹೊರಗೆ ಬಂದದ್ದು "ಒಡೆಯಲ್ಲ ಕಣೇ ಅಂಬುಜಾ, ವಾರಂಟಿ ಇದೆ" ಎನ್ನುವ ಮಾತು. ಹೊರಗಿನಿಂದ ಸಿದ್ಧಾರ್ಥ ಬಾಗಿಲಿಗೆ ಬಂದು, "ಹಾಗಾದ್ರೆ ಅಡ್ವಾನ್ಸ್ ಮಾತಾಡೋಣ್ವಾ ಆಂಟಿ?" ಎಂದ.

ಅಷ್ಟರಲ್ಲಿ ಸೂರಿನ ಶೀಟಿನ ಮೇಲೆ ಧಡ್ ಎಂದು ಶಬ್ದವಾಯಿತು.

"ಬಂದ್ವು!" ಎಂದು ಮುನಿಯಪ್ಪನವರು ಕುರ್ಚಿಯ ಹಿಂದೆ ಸರಿದರು.

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಬೆಳ್ಳನೆಯ ಕವರ್ ಮೇಲೆ, ತೊಗಲುಬೊಂಬೆ ಆಟದಲ್ಲಿ ಕಂಡಂತೆ, ದೊಡ್ಡದೊಂದು ನೆರಳು ಬಂದು ಕೂತಿತು. ಬಾಲ ಕಂಡಿತು. ಬಾಳೆಹಣ್ಣು ಸುಲಿದದ್ದು ಕಂಡಿತು. ಅದರ ಪಕ್ಕ ಇನ್ನೊಂದು ನೆರಳು, ಮತ್ತೊಂದು ಮರಿ ನೆರಳು. ಹಣ್ಣು ಮುಗಿಯಿತು. ದೊಡ್ಡ ನೆರಳು ತಟ್ಟೆ ತಿರುವಿ ನೋಡಿತು, ಬಿಸಾಡಿತು. ಆಮೇಲೆ ಕಿಟಕಿಯ ಕಡೆ ತಿರುಗಿ ಕೆರೆಯತೊಡಗಿತು.

ಈಗ ಒಂದು ಮಾತು ಗಮನಿಸಬೇಕು. ಕೋತಿಗೆ ಸುಲಿಯುವುದು ಕುಲಕಸುಬು. ಸಿಪ್ಪೆ ಇರುವುದೇ ಸುಲಿಯಲಿಕ್ಕೆಂದು ಅದು ನಂಬಿದೆ, ವಾರಂಟಿಯ ವಿಷಯ ಅದಕ್ಕೆ ಯಾರೂ ಹೇಳಿಲ್ಲ. ಶ್ರೀಶ ಅವತ್ತು ಉಗುರು ಹಾಕಿ ಬಿಟ್ಟಿದ್ದ ಮೂಲೆ ಅದರ ಕೈಗೆ ಸಿಕ್ಕಿತು.

ಚರ್ರ್...

"ಅಯ್ಯೋ! ಕವರ್!" ಎಂದು ಲಕ್ಷ್ಮೀಪತಿಯವರು ಎದೆ ಹಿಡಿದುಕೊಂಡರು.

ಮೂಲೆಯಿಂದ ಅಡ್ಡಕ್ಕೆ ಒಂದು ಪಟ್ಟಿ ಕಿತ್ತು ಬಂತು. ಆ ಸಂದಿಯಲ್ಲಿ ಮೊದಲು ಮಸಕಾಗಿ ಕಂಡದ್ದು ಕೋತಿಯ ಮುಖ. ಅದು ಒಳಗಿದ್ದವರನ್ನೆಲ್ಲ ಒಂದು ಸುತ್ತು ನೋಡಿ, ಮುರಳೀಕೃಷ್ಣನಿಗೆ ಹಲ್ಲು ಕಿರಿದು, ಪಕ್ಕಕ್ಕೆ ಸರಿಯಿತು. ಮುಖ ಇದ್ದ ಜಾಗದಲ್ಲಿ ಮಸಕು ಹಸಿರು ಕಂಡಿತು. ಚರ್ರ್ ಎಂದು ಇನ್ನೊಂದು ಪಟ್ಟಿ. ಆ ಶಬ್ದ ಕೇಳಿದ್ದೇ ಇಡೀ ಹಿಂಡಿಗೆ ಹುಚ್ಚು ಹಿಡಿಯಿತು. ನಾ ಮುಂದು ತಾ ಮುಂದು ಎಂದು ಎಳೆದವು, ಕಿತ್ತಾಡಿದವು. ಮರಿಯೊಂದು ಒಂದು ಪಟ್ಟಿಯನ್ನು ಸನ್ಮಾನದ ಶಾಲಿನಂತೆ ಹೆಗಲಿಗೆ ಹಾಕಿಕೊಂಡು ಓಡಿತು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹೊರಗಿನ ಕವರ್ ಪೂರ್ತಿ ಹೋಗಿತ್ತು. ಒಳಗಿನ ಕವರ್ ತೆಳ್ಳನೆಯದು, ನೀಲಿ ಛಾಯೆಯದು. ಅದರಾಚೆಗೆ ಏನೋ ದೊಡ್ಡದು, ಕಪ್ಪಗೆ, ಮಸಕು ಮಸಕಾಗಿ ನಿಂತಿತ್ತು.

ಅಂಬುಜಮ್ಮ ಎದ್ದರು. ಕಿಟಕಿಯ ಹತ್ತಿರ ಹೋಗಿ ಮೂಲೆಗೆ ಉಗುರು ಹಾಕಿದರು.

"ಅಂಬುಜಾ, ಬೇಡ! ಮನುಷ್ಯರು ಕೈ ಹಾಕಿದ್ರೆ ವಾರಂಟಿ ಹೋಗುತ್ತೆ!"

"ನನ್ನ ವಾರಂಟೀನೇ ಮುಗೀತಾ ಬಂತು ಕಣ್ರೀ" ಎಂದರು ಅಂಬುಜಮ್ಮ, ಒಂದೇ ಸಲಕ್ಕೆ ಎಳೆದರು.

ಬೆಟ್ಟ ಬಂತು. ಬುಡದ ಕುರುಚಲು ಕಾಡಿನಿಂದ ಹಿಡಿದು ನೆತ್ತಿಯ ಬೋಳು ಬಂಡೆಯ ತನಕ, ಬಂಡೆಯ ಮೇಲೆ ಬಿದ್ದ ಬಿಸಿಲು, ಬಿಸಿಲಿನ ಮೇಲೆ ತೇಲುತ್ತಿದ್ದ ಒಂದು ಹದ್ದಿನ ಸಮೇತ, ಪೂರಾ ಬೆಟ್ಟ ಆ ಒಂದು ಕೋಣೆಯೊಳಗೆ ಬಂದು ಕೂತಿತು. ಅಂಬುಜಮ್ಮನ ಕೈಯಲ್ಲಿ ಕವರ್ ಜೋತಾಡುತ್ತಿತ್ತು. ಅವರಿಗೆ ಅಳು ಬಂತು, ನಗುವೂ ಬಂತು, ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದರು.

"ರೀ," ಎಂದರು, "ಎಷ್ಟು ದೊಡ್ಡದಾಗಿದೆ ನೋಡ್ರೀ!"

ಲಕ್ಷ್ಮೀಪತಿಯವರು ಬೆಟ್ಟ ನೋಡಲಿಲ್ಲ. ಹೆಂಡತಿಯ ಮುಖ ನೋಡುತ್ತಿದ್ದರು. ಆ ಮುಖವನ್ನು ಅವರು ಇಷ್ಟು ಹೊಸದಾಗಿ ಕಂಡದ್ದು ಮದುವೆಯ ಮಂಟಪದಲ್ಲಿ ಅಂತರಪಟ ಸರಿಸಿದಾಗಲೇ. ಕವರ್ ತೆಗೆದ ಮೇಲೂ ವಸ್ತು ಹೊಸದಾಗಿರುವುದು ಸಾಧ್ಯವೇ ಎಂದು ಅವರಿಗೆ ಮೊದಲ ಬಾರಿ ಅನುಮಾನ ಬಂತು.

ಆಗ ಗಡವ ಕೋತಿ ಹಿಂತಿರುಗಿ ಬಂತು. ಫಳಫಳ ಹೊಳೆಯುವ ಶೀಟಿನಲ್ಲಿ ಅದಕ್ಕೆ ತನ್ನ ಹಳೇ ವೈರಿ ಕಾಣಿಸಿದ. ಹಲ್ಲು ಕಿರಿದು ಕೈಯಿಂದ ಅಪ್ಪಳಿಸಿತು. ಢಂಯ್. ಕಲ್ಲು ತಂದು ಬಾರಿಸಿತು. ಕಲ್ಲು ಪುಟಿದು ಹೋಗಿ ಸಿದ್ಧಾರ್ಥನ ಕಾರಿನ ಬಾನೆಟ್ ಮೇಲೆ ಬಿತ್ತು. ಕೋತಿ ತನ್ನ ಅಂಗೈಯನ್ನೊಮ್ಮೆ, ಶೀಟನ್ನೊಮ್ಮೆ ನೋಡಿ, ತುಂಬಾ ಅವಮಾನವಾದವರ ಹಾಗೆ ಬೆನ್ನು ತಿರುಗಿಸಿ ಹೊರಟುಹೋಯಿತು.

"ಪಾಸ್!" ಎಂದು ಮುನಿಯಪ್ಪನವರು ಚಪ್ಪಾಳೆ ತಟ್ಟಿದರು.

ಸಿದ್ಧಾರ್ಥನ ಕಣ್ಣು ಮಾತ್ರ ಬೆಟ್ಟದ ಮೇಲೇ ಇತ್ತು. "ಏನ್ ವ್ಯೂ ಆಂಟಿ ಇದು! ಮುಂಚೆ ಹೇಳಿದ್ದಕ್ಕಿಂತ ಇನ್ನೂ ಮೇಲೆ ಹಾಕ್ಕೊಡ್ತೀನಿ."

"ಮಾರಲ್ಲಪ್ಪ" ಎಂದರು ಅಂಬುಜಮ್ಮ.

"ಅಕ್ಕಾ, ಈಗ ತಾನೇ ಹೂಂ ಅಂದ್ಬಿಡು ಅಂದ್ಯಲ್ಲೇ?" ಎಂದ ಮುರಳೀಕೃಷ್ಣ.

"ಅದು ಗೋಡೆ ಮಾರೋಕೆ ಹೇಳಿದ್ದು ಕಣೋ. ಇದು ಕಿಟಕಿ. ಕಾಫಿ ಕುಡೀತೀಯಾ? ಕುಡಿಯೋದಾದ್ರೆ ಆ ಕಡೆ ಸರ್ಕೊಂಡು ಕೂತ್ಕೋ, ಬೆಟ್ಟಕ್ಕೆ ಅಡ್ಡ ಆಗ್ತಿದೀಯ."

ಮುರಳೀಕೃಷ್ಣ ಎರಡೂ ಫೋನು ಜೇಬಿಗೆ ಹಾಕಿಕೊಂಡು ಸರಿದು ಕೂತ. ಲಕ್ಷ್ಮೀಪತಿಯವರ ಪಾಲಿಗೆ ಅದಕ್ಕಿಂತ ಚೆಂದದ ನೋಟ ಅವತ್ತು ಬೇರೊಂದು ಇರಲಿಲ್ಲ.

ಅಲ್ಲಿಗೆ ಮುಗಿಯಿತು ಎಂದುಕೊಂಡಿರಾ? ರುಚಿ ಕಂಡ ಕೈ ಸುಮ್ಮನಿರುತ್ತದೆಯೇ? ಸೋಮವಾರ ಅಂಬುಜಮ್ಮ ರಿಮೋಟಿನ ಪ್ಲಾಸ್ಟಿಕ್ ಕಿತ್ತರು. ಧಾರಾವಾಹಿ ಒಂದೇ ಒತ್ತಿಗೆ ಬಂತು. ಸೋಫಾ ಬಿಚ್ಚಿದರು, ಒಳಗಿದ್ದದ್ದು ನೀಲಿ ಹೂವಿನ ಬಟ್ಟೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸ್ಕೂಟರಿನ ಸೀಟಿನದೂ ಹೋಯಿತು. ಸುದ್ದಿ ರಸ್ತೆಗೆ ಹಬ್ಬಿ ಎಲ್ಲರ ಮನೆಯಿಂದಲೂ ಚರ್ರ್ ಚರ್ರ್ ಎನ್ನುವ ಶಬ್ದ ಕೇಳತೊಡಗಿತು. ಮುನಿಯಪ್ಪನವರು ಯಾರೂ ಇಲ್ಲದಾಗ ಫ್ರಿಜ್ಜಿನ ಕವರ್ ಕಿತ್ತರಂತೆ. ಅವರ ಹೆಂಡತಿ ಬಂದವರು, "ಹೇಳ್ದೆ ಕೇಳ್ದೆ ಹೊಸ ಫ್ರಿಜ್ ಯಾಕೆ ತಂದ್ರಿ?" ಎಂದು ಜಗಳ ತೆಗೆದರು.

ಮುಂದಿನ ಭಾನುವಾರ ಗಂಡ ಹೆಂಡತಿ ಮತ್ತೆ ಕ್ಯಾಬಿನ್ನಿಗೆ ಹೋದರು. ಹಂಪ್ ಬಂದಾಗ ಅಂಬುಜಮ್ಮ ಜಾರಲಿಲ್ಲ. ಆದರೂ ಅಭ್ಯಾಸಬಲದಿಂದ ಗಂಡನ ಬೆನ್ನಿಗೇ ಅಂಟಿಕೊಂಡು ಕೂತಿದ್ದರು. ಬೆಟ್ಟದ ಮುಂದೆ ಎರಡು ಕುರ್ಚಿ ಹಾಕಿ, ಕಾಫಿ ಬೆರೆಸಿ ನೋಡಿದರೆ ಲಕ್ಷ್ಮೀಪತಿ ಒಳಗಿಲ್ಲ. ಅಂಬುಜಮ್ಮ ಹೊರಗೆ ಬಂದರು. ಕೆರೆಯ ಕಡೆಯ ಕಿಟಕಿ ಇನ್ನೂ ಬೆಳ್ಳಗೆ ಕವರ್ ಹೊದ್ದುಕೊಂಡೇ ಇತ್ತು. ಅದರ ಕೆಳಗೆ ಲಕ್ಷ್ಮೀಪತಿಯವರು ಶ್ರದ್ಧೆಯಿಂದ ಒಂದು ಚಿಪ್ಪು ಬಾಳೆಹಣ್ಣು ಜೋಡಿಸಿಟ್ಟು, ಬೆಟ್ಟದ ಕಡೆ ಮುಖ ಮಾಡಿ, ಕೈ ಮುಗಿದು ನಿಂತಿದ್ದರು.

"ರೀ, ಇದೇನಿದು? ನೀವೇ ಕಿತ್ತರೆ ಆಗಲ್ವಾ?"

"ಶ್!" ಎಂದರು ಲಕ್ಷ್ಮೀಪತಿ. "ನಾನು ಕಿತ್ತರೆ ವಾರಂಟಿ ಹೋಗುತ್ತೆ ಕಣೇ. ಆಂಜನೇಯಸ್ವಾಮಿ ಕಿತ್ತರೆ ಯಾವ ಅಂಗಡಿಯವನು ಕೇಳ್ತಾನೆ?"